ಸಣ್ಣ ಮೋಟಾರಿಗೆ ಲಾರಿಯ ಕಮಾನು

ಗಾಳೆಪ್ಪ ಹೊರಳಿ ನೋಡಿದಾಗ ಹಿಂದಿನ ಸೀಟಿನಲ್ಲಿ ಹೆಂಡತಿ ಹುಲಗೆಮ್ಮ ಇರಲಿಲ್ಲ.

ಈಗಷ್ಟೇ ಇದ್ದಳು. ಸೆರಗು ಬಿಗಿಯಾಗಿ ಹೊದ್ದು, "ಸಾವಕಾಶ ಹೊಡೀರಿ ಯಣ್ಣಾ" ಎಂದು ಮೋಟಾರು ಹೊಡೆಯುತ್ತಿದ್ದ ಮುದಿಯಪ್ಪನಿಗೆ ಹೇಳುತ್ತಿದ್ದಳು. ಹಳ್ಳಕ್ಕಿಳಿಯುವಲ್ಲಿ ಮೋಟಾರು ಒಮ್ಮೆ ಪುಟಿದಿತ್ತು, ಅಷ್ಟೇ. ಮೇಲ್ಮುಚ್ಚಿಗೆ ಇಲ್ಲದ ಗಾಡಿ, ಸೀಟು ಖಾಲಿ.

ಗಾಳೆಪ್ಪ ಯಲಬುರ್ಗಾದ ಕಮ್ಮಾರ. ಬಂಡಿಗಾಲಿಗೆ ಕಬ್ಬಿಣದ ಹಳಿ ಏರಿಸುವುದರಲ್ಲಿ ಪಳಗಿದ ಕೈ. ಎರಡನೇ ಮಹಾಯುದ್ಧ ಶುರುವಾಗಿ ವಿಲಾಯತಿ ಸಾಮಾನು ಬರುವುದು ನಿಂತ ಕಾಲದಲ್ಲಿ ಹತ್ತಿ ವ್ಯಾಪಾರಿ ಮುದಿಯಪ್ಪನ ಹಳೇ ಸಣ್ಣ ಮೋಟಾರಿನ ಹಿಂದಿನ ಕಮಾನುಗಳು ಮುರಿದವು. ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಬಿಗಿದ ಈ ಕಮಾನುಗಳೇ ದಾರಿಯ ಕುಲುಕಾಟ ನುಂಗಬೇಕು. ಹೈದರಾಬಾದಿನಲ್ಲೂ ಅಂಥವು ಸಿಗಲಿಲ್ಲ. ಮುದಿಯಪ್ಪ ಕೊಪ್ಪಳದಲ್ಲಿ ಕೆಟ್ಟು ನಿಂತಿದ್ದ ಒಂದು ಲಾರಿಯ ಕಮಾನುಗಳನ್ನು ಬಿಚ್ಚಿಸಿ ತಂದು ಕುಲುಮೆಯ ಮುಂದೆ ಇಳಿಸಿದ.

"ಇವು ಕೂಡ್ತಾವೇನೋ ಗಾಳ್ಯಾ?"

"ಯಾವ ಗಾಡೀದಾದ್ರೇನ್ರಿ, ಉಕ್ಕು ಉಕ್ಕ ಐತಿ. ಕೂಡಸ್ತೀನಿ."

ಹುಲಗೆಮ್ಮ ತಿದಿ ಒತ್ತಿ ಬೆಂಕಿಗೆ ಗಾಳಿ ಊದಿದಳು. ಗಾಳೆಪ್ಪ ಪಟ್ಟಿಗಳನ್ನು ಕಾಸಿ, ಕಡಿದು, ತೂತು ಹೊಡೆದು ಕೂಡಿಸಿದ. "ಆನಿ ಕುಂತ್ರೂ ಬಾಗಂಗಿಲ್ಲ ನೋಡ್ರಿ" ಎಂದು ಹಿಗ್ಗಿದ. ಓಡಿಸಿ ನೋಡುವಾಗ, "ತಿದಿ ಒತ್ತಿದಾಕಿ ನಾನು, ನಾನೂ ಬರ್ತೀನಿ" ಎಂದು ಹುಲಗೆಮ್ಮನೂ ಹತ್ತಿ ಕುಳಿತಳು.

ಈಗ ಖಾಲಿ ಸೀಟು ಕಂಡದ್ದೇ, ಮೋಟಾರು ನಿಲ್ಲುವ ಮುಂಚೆಯೇ ಗಾಳೆಪ್ಪ ಜಿಗಿದು ಓಡಿದ. ಹಳ್ಳದ ಉಸುಕಿನಲ್ಲಿ ಆಕೆ ಬೋರಲಾಗಿ ಬಿದ್ದಿದ್ದಳು.

"ಹುಲಗೀ! ಏ ಹುಲಗೀ!"

ಆಕೆಯನ್ನು ಹೊರಳಿಸಬೇಕೆಂದರೆ ಅವನ ಕೈಯೇ ಏಳಲಿಲ್ಲ. ಮುದಿಯಪ್ಪ ಆಕೆಯನ್ನು ಹೊರಳಿಸಿ, ರುಮಾಲು ತೋಯಿಸಿ ತಂದು ಮುಖಕ್ಕೆ ಹಿಂಡಿದ. ಕಣ್ಣು ತೆರೆದಳು.

"ಕಮಾನು ಬಾಗ್ಲೇ ಇಲ್ರಿ" ಎಂದಳು. "ನನ್ನ ಎತ್ತಿ ಒಗದುಬಿಡ್ತು."

ಎಡಹೆಗಲ ಎಲುಬು ಮುರಿದಿತ್ತು. ಎಲುಬು ಕಟ್ಟುವವಳು ಪಟ್ಟು ಹಾಕಿ ಹೋದ ಮೇಲೂ ಗಾಳೆಪ್ಪ ಕುಲುಮೆ ಹೊತ್ತಿಸಲೇ ಇಲ್ಲ. ಬಂದವರಿಗೆಲ್ಲ, "ನನ್ನ ಕೈಯ್ಯಾರ ಆಕೀನ್ನ ಕೊಲ್ತಿದ್ದೆ" ಎನ್ನುತ್ತಿದ್ದ. ಕೊನೆಗೆ ಹುಲಗೆಮ್ಮನೇ ಬೇಸತ್ತು, "ಅಷ್ಟ ಸಣ್ಣ ಗಾಡಿಗೆ ಅಷ್ಟು ದಪ್ಪಂದು ಯಾಕ? ತೆಳ್ಳಂದು ಹುಡುಕ್ರಿ. ಹಿಂಗ ಕುಂತ್ರ ಉಣ್ಣೋದೇನು?" ಎಂದಳು.

ಗಂಗಾವತಿಯ ಒಬ್ಬ ಜಮೀನುದಾರರ ಕೊಟ್ಟಿಗೆಯಲ್ಲಿ ಬೇರೆ ಜಾತಿಯ ಹಗುರ ಮೋಟಾರೊಂದು ಕೆಟ್ಟು ಬಿದ್ದಿತ್ತು. ಗಾಳೆಪ್ಪ ಹೋಗಿ ಅದರ ಪಟ್ಟಿಗಳನ್ನು ಕೇಳಿ ತಂದ. ಈ ಸಲ ಕಾಸಲಿಲ್ಲ. ಕಾಸಿದರೆ ಉಕ್ಕಿನ ಪುಟಿತ ಕೆಡಬಹುದೆಂಬ ಅಂಜಿಕೆ. ಒಂದೊಂದೇ ಪಟ್ಟಿ ಕಡಿಮೆ ಮಾಡುತ್ತಾ, ಸೀಟಿನ ಮೇಲೆ ಜೋಳದ ಚೀಲ ಹೇರಿ ಹಳ್ಳ ದಾಟಿಸಿ ದಾಟಿಸಿ ನೋಡಿದ. ಚೀಲ ಸೀಟು ಬಿಟ್ಟು ಪುಟಿಯದ ದಿನ, ಇನ್ನೂ ಕೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿಟ್ಟುಕೊಂಡಿದ್ದ ಹುಲಗೆಮ್ಮ ಗಾಡಿ ಹತ್ತಿದಳು.

"ಬ್ಯಾಡ, ಇಳಿ!" ಎಂದು ಗಾಳೆಪ್ಪ ಚೀರಿದ.

"ಇಳಿಯಂಗಿಲ್ರಿ. ನೀವೂ ಬರ್ರಿ."

ಮುದಿಯಪ್ಪ ಮೋಟಾರು ಹೊಡೆದ. ಗಾಳೆಪ್ಪ ಪಕ್ಕದಲ್ಲಿ ಕುಳಿತು ಆಕೆಯ ನಡು ಅಪ್ಪಿ ಹಿಡಿದ. ಊರವರು ನೋಡುತ್ತಾರೆಂಬ ಖಬರೂ ಅವನಿಗಿರಲಿಲ್ಲ. ಹಳ್ಳದಲ್ಲಿ ಮೋಟಾರು ತಗ್ಗಿತು, ಮೆಲ್ಲಗೆ ಎದ್ದಿತು, ಆಚೆ ದಂಡೆ ಏರಿತು. ಹುಲಗೆಮ್ಮ ನಕ್ಕಳು. ಗಾಳೆಪ್ಪ ಇಳಿದು ರಸ್ತೆ ಬದಿಗೆ ಕುಳಿತು ವಾಂತಿ ಮಾಡಿಕೊಂಡ.

ಮುಂದೆ ಕುಷ್ಟಗಿ, ಕೊಪ್ಪಳದಿಂದಲೂ ಅವನ ಕುಲುಮೆಗೆ ಮೋಟಾರುಗಳು ಬಂದವು. ಒಂದರ ಕಮಾನನ್ನು ಇನ್ನೊಂದಕ್ಕೆ ಹೊಂದಿಸುವುದೇ ಅವನ ಕಸುಬಾಯಿತು. ಹುಲಗೆಮ್ಮನ ಎಡಹೆಗಲು ಮಾತ್ರ ಸೊಟ್ಟಗೇ ಉಳಿಯಿತು; ಆಕೆ ಬಲಗೈಲೇ ತಿದಿ ಒತ್ತುತ್ತಿದ್ದಳು.