ಗೋಡೆ ನೋಡಿಸುತ್ತಿದ್ದ ಮಾಸ್ತರರು

ಸಿಂದಗಿಯಲ್ಲಿ ನನ್ನ ಮಗಳಿಗೆ ಖೋ ಖೋ ಕಲಿಸುತ್ತಿದ್ದ ಮಾಸ್ತರರ ಪ್ರಕಾರ ಆಟ ಕೆಡಿಸುವವರು ನಾವೇ, ಹಡೆದವರು. ನಾವು ಕೂಗಿದರೆ ಓಡುವ ಹುಡುಗಿ ತಿರುಗಿ ನೋಡಿ ಔಟಾಗುತ್ತಾಳಂತೆ. ಅದಕ್ಕೇ ನಮ್ಮನ್ನೂ ಆಟಗಾರ್ತಿಯರ ಹಾಗೆ ಸಾಲಾಗಿ ಕೂರಿಸುತ್ತಿದ್ದರು: ಒಬ್ಬರ ಮುಖ ಮೈದಾನಕ್ಕೆ, ಪಕ್ಕದವರದು ಗೋಡೆಗೆ. ನನ್ನ ಬಾಯಿ ಜೋರೆಂದು ನನಗೆ ಯಾವಾಗಲೂ ಗೋಡೆಯೇ. ಸ್ವಲ್ಪ ಹೊರಳಿದರೂ ಸೀಟಿ ಊದಿ, "ಅಕ್ಕಾರ, ಗ್ವಾಡಿ ನೋಡ್ರಿ!" ಎನ್ನುತ್ತಿದ್ದರು.

"ಗ್ವಾಡಿ ನೋಡಾಕ ಬುತ್ತಿ ಕಟ್ಟಿಕೊಂಡು ಬಂದೀನೇನ್ರಿ?" ಎಂದು ಜಗಳ ತೆಗೆದರೆ ಮತ್ತೆ ಸೀಟಿಯೇ ಉತ್ತರ.

ಬಸವನ ಬಾಗೇವಾಡಿಯಲ್ಲಿ ಫೈನಲ್. ಗೆದ್ದರೆ ನಮ್ಮ ಹುಡುಗಿಯರು ಮೊದಲ ಸಲ ಜಿಲ್ಲೆಯ ಹೊರಗೆ ಆಡುವವರು. ಕೊನೆಗೆ ಓಡುತ್ತ ಉಳಿದವಳು ನನ್ನ ಮಗಳೊಬ್ಬಳೇ. ಆಟ ಮುಗಿಯುವವರೆಗೆ ಅವಳು ಸಿಕ್ಕಿಬೀಳಬಾರದು, ಅಷ್ಟೇ. ನಾನೋ ಸುಣ್ಣ ಉದುರಿದ ಗೋಡೆ ನೋಡುತ್ತ ಹಲ್ಲು ಕಡಿಯುತ್ತ ಕೂತಿದ್ದೆ. ಜನ ಹೋ ಎಂದು ಕೂಗಿದರು. ತಡೆಯಲಾರದೆ ಹೊರಳಿಯೇಬಿಟ್ಟೆ.

ಸೀಟಿ ಕೇಳಲಿಲ್ಲ. ಮಾಸ್ತರರು ಅದನ್ನು ಹಲ್ಲಲ್ಲಿ ಕಚ್ಚಿಕೊಂಡು, ಮೈದಾನಕ್ಕೆ ಬೆನ್ನು ಹಾಕಿ, ಅದೇ ಗೋಡೆಗೆ ಮುಖ ಮಾಡಿ ನಿಂತಿದ್ದರು.

"ಏನಾತ್ರಿ ಅಕ್ಕಾರ? ನೀವರ ನೋಡಿ ಹೇಳ್ರಿ" ಎಂದರು, ಹೊರಳದೆಯೇ.

ಮಗಳು ಇನ್ನೂ ಓಡುತ್ತಲೇ ಇದ್ದಳು.

"ಗ್ವಾಡಿ ನೋಡ್ರಿ, ಸರ" ಎಂದೆ.