ಕಡಲೆ ಕಡಿದ ಹಲ್ಲಿಗೆ ಕ್ಯಾಪು

ಹಲ್ಲು ಮುರಿದದ್ದು ನನ್ನ ಹಠದಿಂದ. ಮನೆಯವರೆಲ್ಲ ‘ಪಾಪ, ವಯಸ್ಸಾಯಿತು’ ಎಂದರು. ಸುಳ್ಳು.

ನಮ್ಮೂರು ಜಕ್ಕಲಿಯಲ್ಲಿ ಕಡಲೆ ರಾಶಿಯಾದ ಮೇಲೆ ಕಣದಲ್ಲಿ ಹರವಿ ಒಣಗಿಸುತ್ತೇವೆ. ಒಣಗಿತೋ ಇಲ್ಲವೋ ಎಂದು ಹೇಳುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ಒಂದು ಕಾಳನ್ನು ದವಡೆ ಹಲ್ಲಿಗಿಟ್ಟು ಕಡಿಯಬೇಕು. ಟಕ್ ಎಂದು ಎರಡು ಹೋಳಾದರೆ ಚೀಲ ತುಂಬಬಹುದು. ಚಪ್ಪಟೆಯಾದರೆ ಇನ್ನೂ ಹಸಿ, ತುಂಬಿಟ್ಟರೆ ಬೂಷ್ಟು ಹಿಡಿಯುತ್ತದೆ. ನನ್ನ ಬಾಯಲ್ಲಿ ಮೇಲೆ ಕೆಳಗೆ ಕೂಡುವ ದವಡೆ ಹಲ್ಲು ಉಳಿದದ್ದು ಎಡಗಡೆಯ ಒಂದೇ ಜೋಡಿ.

ಈ ಸಲ ನಾನು ಒಣಗಿದೆ ಎಂದ ಮೇಲೂ ಸೊಸೆ, "ಅತ್ತಿ, ಇನ್ನೊಂದ್ ದಿನ ಬಿಸಲಾಗ ಬಿಡೂಣೇನ್ರಿ?" ಎಂದಳು. ಸಿಟ್ಟು ಬಂತು. ಅವಳೆದುರಿಗೆ ಒಂದಾದ ಮೇಲೊಂದು ಹತ್ತು ಕಾಳು ಕಡಿದೆ. ಹನ್ನೊಂದನೆಯದಕ್ಕೆ ಕೆಳಗಿನ ಹಲ್ಲಿನ ಒಂದು ಮಗ್ಗುಲು ಮುರಿದು ಕೈಗೆ ಬಂತು.

ಮಗ, "ಕೀಳಿಸಿಬಿಡೂಣ ನಡೀಬೇ" ಎಂದ.

"ಕೀಳಿಸಿದ್ರ ಮ್ಯಾಲಿನ ಹೊಲದ ಕಡ್ಲಿ ಯಾರ್ ನೋಡ್ತಾರ? ನೀ ನೋಡ್ತಿಯೇನು, ಆ ಗುಟಕಾ ಹಲ್ಲಿಲೆ?"

ಮಗ ರೋಣದ ಹಲ್ಲಿನ ದವಾಖಾನೆಗೆ ಕರೆದೊಯ್ದ. ಡಾಕ್ಟರು ನನ್ನ ಮೊಮ್ಮಗಳ ವಯಸ್ಸಿನ ಹುಡುಗಿ. ಬಡಿದು ನೋಡಿ, ಫೋಟೋ ತೆಗೆದು ಹೇಳಿದಳು:

"ಬೇರು ಗಟ್ಟಿ ಐತ್ರಿ ಅಮ್ಮಾರ. ಕೀಳೂದು ಬ್ಯಾಡ. ಸುತ್ತ ಸವರಿ ಮ್ಯಾಲೆ ಕ್ಯಾಪ್ ಕೂಡಸ್ತೀನಿ."

"ಉಳದದ್ದನ್ನೂ ಸವರತಿ ಅಂದ್ರ ನನಗೇನ್ ಉಳೀತೈತಿ?"

"ಕ್ಯಾಪ್ ಕೂಡಾಕ ಜಾಗಾ ಬೇಕಲ್ರಿ."

ಇಂಜೆಕ್ಷನ್ ಕೊಟ್ಟಳು. ಕೆನ್ನೆ ಯಾರದೋ ಆಯಿತು. ಹಲ್ಲು ಸವರುವಾಗ ಗಿರಣಿಯ ಸದ್ದು ಬಂತು, ನೋವು ಬರಲಿಲ್ಲ! ಆಮೇಲೆ ನಾದಿದ ಹಿಟ್ಟಿನಂಥ ಗುಲಾಬಿ ಮುದ್ದೆಯನ್ನು ಬಾಯಿಗಿಟ್ಟು ಹಲ್ಲಿನ ಅಚ್ಚು ತೆಗೆದಳು. ಇಷ್ಟು ವರ್ಷ ಹಿಟ್ಟು ನಾದಿದ್ದೇನೆ, ಅದರಲ್ಲಿ ಹಲ್ಲು ಮೂಡುವುದನ್ನು ಕಂಡಿರಲಿಲ್ಲ. ಬಿಳಿಯದೋ ಸ್ಟೀಲಿನಂಥದೋ ಎಂದು ಕೇಳಿದಳು.

"ಗಟ್ಟೀದು ಹಾಕವಾ. ನಾ ಏನ್ ಕನ್ಯಾ ತೋರಸಾಕ ಕುಂತೀನೇನು?"

ಎಂಟು ದಿನ ತಾತ್ಕಾಲಿಕ ಕ್ಯಾಪು. ಮೆತ್ತಗಿನ ಅನ್ನ ತಿಂದು ತಿಂದು ಸಾಕಾಯಿತು. ಒಂಬತ್ತನೆಯ ದಿನ ಖರೇದನ್ನು ಕೂಡಿಸಿದಳು. ನೀಲಿ ಕಾಗದ ಕಚ್ಚಿಸಿ, ಬಣ್ಣ ಹತ್ತಿದ ಎತ್ತರದ ಕಡೆ ಉಜ್ಜಿ, ಮತ್ತೆ ಕಚ್ಚಿಸಿದಳು.

ಕೂಡಿತು! ಮೇಲಿನದೂ ಕೆಳಗಿನದೂ ಮೊದಲಿನ ಹಾಗೇ ಕೂಡಿತು. ಕುರ್ಚಿಯ ಕೈ ಬಡಿದುಬಿಟ್ಟೆ.

"ನಾಳಿಂದ ರೊಟ್ಟಿ ತಿನ್ರಿ. ಕಡ್ಲಿ ಮಾತ್ರ ಕಡೀಬ್ಯಾಡ್ರಿ. ಮ್ಯಾಲಿನ ಹಲ್ಲು ಒಡೀತೈತಿ" ಎಂದಳು.

ನಾನು ಬಂದದ್ದೇ ಅದಕ್ಕೆ! ಬೈಯಬೇಕೆಂದುಕೊಂಡೆ, ಖುಷಿಯಲ್ಲಿ ಬೈಗುಳ ಬರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಲ್ಲಿಗೆ ಹಲ್ಲು ತಾಗಿಸುತ್ತ, ಟಕ್ ಟಕ್ ಸದ್ದು ಕೇಳುತ್ತ ಬಂದೆ. ಊರು ಬರುವ ಹೊತ್ತಿಗೆ ಹೊಳೆಯಿತು: ಇಷ್ಟು ವರ್ಷ ಕಾಳು ಕಡಿದದ್ದು ಹಲ್ಲು, ಒಣಗಿದೆ ಎಂದು ಹೇಳಿದ್ದು ಕಿವಿ.

ಮರುದಿನ ಬೆಳಗ್ಗೆ ಚಹಾ ಕುಡಿದವಳೇ ಸೊಸೆಯನ್ನು ಕಣಕ್ಕೆ ಕರೆದುಕೊಂಡು ಹೋದೆ. ಮೇಲಿನ ಹೊಲದ ಕಡಲೆ ಹರವಿತ್ತು. ಒಂದು ಕಾಳು ಅವಳ ದವಡೆಗೆ ಇಡಿಸಿ, ಕೆನ್ನೆಗೆ ಕಿವಿ ಹಚ್ಚಿ ನಿಂತೆ.

"ಕಡಿ."

"ಅತ್ತಿ, ನನ್ನ ಹಲ್ಲು ಮುರದ್ರ?"

"ರೋಣದಾಗ ಡಾಕ್ಟರ್ ಅದಾಳ. ಕಡಿ."

ಕಡಿದಳು. ಸದ್ದು ಮೆತ್ತಗಿತ್ತು. ಕಡಲೆಯನ್ನು ಇನ್ನೊಂದು ದಿನ ಬಿಸಿಲಲ್ಲೇ ಬಿಟ್ಟೆ.