ಬೆಳ್ಳಿ ತಟ್ಟೆಗೆ ಹೆಸರು ಹಾಕಿದ ಷಡಕ್ಷರಪ್ಪ

ಅರಸೀಕೆರೆ ಪೇಟೆ ಬೀದಿಯಲ್ಲಿ ಜಿನದತ್ತನವರ ಪಾತ್ರೆ ಅಂಗಡಿ ಇದೆ. ಅದರ ಜಗಲಿಯ ಮೇಲೆ ಮೂವತ್ತೆರಡು ವರ್ಷದಿಂದ ಒಬ್ಬರು ಕೂತಿದ್ದಾರೆ. ಹೆಸರು ಷಡಕ್ಷರಪ್ಪ. ಪಾತ್ರೆಗೆ ಹೆಸರು ಹಾಕುವುದು ಅವರ ಕೆಲಸ. ಮೊದಲು ಚಿಕ್ಕ ಉಳಿ, ಸುತ್ತಿಗೆ ಇತ್ತು. ಈಗ ಪೆನ್ನಿನ ಹಾಗೆ ಹಿಡಿಯುವ ಕರೆಂಟಿನ ಮಷೀನು ಬಂದಿದೆ, ಹಲ್ಲು ಜುಮ್ಮೆನ್ನುವ ಸದ್ದು ಮಾಡುತ್ತದೆ. ಎದುರಿನ ಹೊಲಿಗೆ ಅಂಗಡಿ ನನ್ನದು. ಆ ಸದ್ದು ಕೇಳುತ್ತಾ ಕೇಳುತ್ತಾ ಎಷ್ಟು ರವಿಕೆ ಹೊಲಿದೆನೋ ಏನೋ, ಈಗ ಅದು ನಿಂತರೆ ನನ್ನ ಕಾಲು ಮಷೀನಿನ ಮೇಲೆ ಓಡುವುದಿಲ್ಲ.

ಷಡಕ್ಷರಪ್ಪನವರ ಅಕ್ಷರ ಮುತ್ತು. ಬಾಯಿ ಮಾತ್ರ ಮುತ್ತಲ್ಲ. ಒಂದು ಲೋಟಕ್ಕೆ ಹೆಸರು ಹಾಕಿಸಲು ಹೋದರೂ ಪೊಲೀಸರು ಕೇಳದಷ್ಟು ಪ್ರಶ್ನೆ ಕೇಳುತ್ತಾರೆ. ಯಾರಿಗೆ, ಯಾವ ಕಾರ್ಯಕ್ಕೆ, ಎಲ್ಲಕ್ಕಿಂತ ಮುಖ್ಯವಾಗಿ ಕೊಟ್ಟವರು ಯಾರು. ಕೊಟ್ಟವರ ಹೆಸರಿಲ್ಲದೆ ಅವರ ಕೈಯಿಂದ ಒಂದು ಚಮಚವೂ ಈಚೆ ಬರುವುದಿಲ್ಲ. ನಮ್ಮ ಮದುವೆಗೆ ಹತ್ತು ವರ್ಷ ತುಂಬಿದಾಗ ನಮ್ಮ ಯಜಮಾನರು ನನಗೆ ಇಡ್ಲಿ ಪಾತ್ರೆ ಕೊಡಿಸಿದರು. ಅವರ ಹೆಸರು ಹಾಕಿ ಎಂದೆ. ದುಡ್ಡು ಯಾರದು ಎಂದು ಷಡಕ್ಷರಪ್ಪ ಕೇಳಿದರು. ನಾನು ಸುಳ್ಳು ಹೇಳುವುದು ಕಮ್ಮಿ, ಹೊಲಿಗೆ ದುಡ್ಡು ಎಂದುಬಿಟ್ಟೆ. ಇವತ್ತಿಗೂ ಆ ಪಾತ್ರೆಯ ಮೇಲೆ ‘ಲತಾಮಣಿ, ಸ್ವಂತ’ ಎಂದಿದೆ. ಅದರಲ್ಲಿ ಬೆಂದ ಇಡ್ಲಿ ತಿನ್ನುವಾಗ ನಮ್ಮ ಯಜಮಾನರು ಆ ಕಡೆ ತಿರುಗಿ ನೋಡುವುದಿಲ್ಲ.

ಈ ಹಠಕ್ಕೆ ಒಂದು ಕಾರಣವಿದೆ. ಅದನ್ನು ಹೇಳುವಾಗ ನನಗೆ ತಮಾಷೆ ಬರುವುದಿಲ್ಲ. ಅವರು ಕೆಲಸ ಹಿಡಿದ ಹೊಸದರಲ್ಲಿ ಒಬ್ಬ ಹೆಂಗಸು ಎರಡು ಚೀಲ ಪಾತ್ರೆ ತಂದು ಎಲ್ಲಕ್ಕೂ ತನ್ನ ಹೆಸರು ಹಾಕಿಸಿಕೊಂಡು ಹೋದಳು. ಇವರು ಏನೂ ಕೇಳಲಿಲ್ಲ. ಅವು ಸೊಸೆ ತವರಿಂದ ತಂದ ಪಾತ್ರೆಗಳು. ಎರಡು ವರ್ಷಕ್ಕೆ ಆ ಸೊಸೆಯನ್ನು ಮನೆಯಿಂದ ಕಳಿಸಿದರು. ನ್ಯಾಯಕ್ಕೆ ಕೂತ ಹಿರಿಯರು ಪಾತ್ರೆ ತಿರುಗಿಸಿ ನೋಡಿದರು, ಹೆಸರು ಅತ್ತೆಯದು, ಪಾತ್ರೆಯೂ ಅತ್ತೆಯದು ಎಂದರು. ಆ ಹುಡುಗಿ ಬರಿಗೈಲಿ ಬಸ್ಸಿಗೆ ಹೋಗುವಾಗ ಈ ಜಗಲಿಯ ಮುಂದೆ ಒಂದು ಗಳಿಗೆ ನಿಂತು, ಇವರನ್ನು ನೋಡಿ, ಏನೂ ಅನ್ನದೆ ಹೋದಳಂತೆ. ಬೈದಿದ್ದರೆ ಮರೆಯುತ್ತಿದ್ದೆ ಎಂದು ಷಡಕ್ಷರಪ್ಪ ನನಗೆ ಹೇಳಿದ್ದರು.

ಇನ್ನು ಬೆಳ್ಳಿ ತಟ್ಟೆಯ ವಿಷಯ. ಆ ವರ್ಷ ಮಳೆ ಕೈಕೊಟ್ಟಿತ್ತು. ನಮ್ಮ ಬೀದಿಯ ನಲ್ಲಿಗೆ ಹನ್ನೆರಡು ದಿನಕ್ಕೊಮ್ಮೆ ನೀರು. ಕೊಡ ಸಾಲಿಟ್ಟು ಜಗಳವಾಡಿ ಜಗಳವಾಡಿ ಅಕ್ಕಪಕ್ಕದವರೆಲ್ಲ ಹತ್ತಿರದ ನೆಂಟರ ಹಾಗೆ ಆಗಿದ್ದೆವು. ಎಲ್ಲರೂ ಖರ್ಚು ಕಮ್ಮಿ ಮಾಡಬೇಕು, ಮೀಟಿಂಗುಗಳಲ್ಲಿ ಟೀ ಜೊತೆ ಬಿಸ್ಕತ್ತು ಕೊಡಬಾರದು ಎಂದು ಮೇಲಿನಿಂದ ಆದೇಶವೂ ಬಂದಿತ್ತು. ಬಿಸ್ಕತ್ತು ಉಳಿಸಿದ ಅದೇ ತಿಂಗಳು ನಮ್ಮ ಕಡೆಯ ಮಂತ್ರಿಗಳ ಬೆಂಗಳೂರಿನ ಸರ್ಕಾರಿ ಬಂಗಲೆಗೆ, ದೊಡ್ಡ ಅತಿಥಿಗಳಿಗೆ ಊಟ ಬಡಿಸಲೆಂದು, ಇಪ್ಪತ್ನಾಲ್ಕು ಬೆಳ್ಳಿ ತಟ್ಟೆ ಬಂದವು.

ಮಂತ್ರಿಗಳ ಹೆಂಡತಿ ಹೇಮಾಶ್ರೀ ಹಗರೆ ಎಂಬ ಹಳ್ಳಿಯ ಮಗಳು. ಮದುವೆಯಾಗಿದ್ದು ನಮ್ಮೂರ ಪಕ್ಕದ ಮಾಲೇಕಲ್ಲಿನ ದೇವಸ್ಥಾನದಲ್ಲಿ. ಆ ಮದುವೆಯ ಪಾತ್ರೆಗಳಿಗೆಲ್ಲ ‘ತಂದೆಯವರಿಂದ’ ಎಂದು ಹಾಕಿದ್ದು ಷಡಕ್ಷರಪ್ಪನವರೇ. ಹೆಸರಿಲ್ಲದ ಪಾತ್ರೆ ಹತ್ತು ಜನರ ಊಟ ಮುಗಿಯುವುದರೊಳಗೆ ಬೇರೆಯವರ ಮನೆಗೆ ಹೋಗುತ್ತದೆ ಎಂದು ಹೇಮಾಶ್ರೀಗೆ ತಾಯಿ ಹೇಳಿಕೊಟ್ಟಿದ್ದರು. ಬಂಗಲೆ ಸರ್ಕಾರದ್ದಾದರೇನು, ಬುದ್ಧಿ ಹಗರೆಯದು. ಎಲ್ಲ ತಟ್ಟೆಗೂ ನನ್ನ ಹೆಸರು ಹಾಕಿಸಿ ಎಂದು ಚೀಟಿ ಬರೆದು, ತಟ್ಟೆಗಳನ್ನು ಟ್ರಂಕಿನಲ್ಲಿಟ್ಟು, ಕಾರು ಕೊಟ್ಟು ಡ್ರೈವರನ್ನು ಅರಸೀಕೆರೆಗೆ ಕಳಿಸಿದರು.

ಜಿನದತ್ತನವರಿಗೆ ಅಂದು ನೆಲದ ಮೇಲೆ ಕಾಲಿಲ್ಲ. ಮೂಲ ಹಳೇಬೀಡಿನ ಬಸದಿ ಬೀದಿಯವರು, ಸಾಧು ಮನುಷ್ಯ. ಊಟ ಆಯಿತೇ ಎಂದು ಕೇಳಿದರೂ ‘ನೋಡೋಣ’ ಎನ್ನುವಷ್ಟು ಹುಷಾರು. ಇಂಥವರು ಕೂಡ ಬಂಗಲೆಯ ಅಡುಗೆಮನೆಗೆ ಬೇಕಾದ ಸ್ಟೀಲು, ಹಿತ್ತಾಳೆ ಎಲ್ಲದರ ಆರ್ಡರು ತಮಗೇ ಬಂತೆಂದು ಮನಸ್ಸಿನಲ್ಲೇ ಲಾರಿಗೆ ತುಂಬಿಸಿಬಿಟ್ಟರು. ಷಡಕ್ಷರಪ್ಪ ಮಾತ್ರ ಎಂದಿನ ಹಾಗೆ ಕೊಟ್ಟವರು ಯಾರು ಎಂದು ಕೇಳಿದರು. ಸರ್ಕಾರ ಎಂದ ಡ್ರೈವರು. ಸರ್ಕಾರ ಯಾರ ಸೋದರಮಾವ, ಅದಕ್ಕೆ ದುಡ್ಡು ಎಲ್ಲಿಂದ ಬಂತು ಎಂದರು ಇವರು. ಅವನಿಗೆ ಹೊಟ್ಟೆ ಹಸಿದಿತ್ತು. ನಿಮ್ಮಂಥೋರೇ ಕೊಟ್ಟಿರೋದು, ಬೇಗ ಹಾಕಿ ಸ್ವಾಮಿ ಎಂದು ಹೇಳಿ ಹೋಟೆಲಿಗೆ ಹೋದ.

ಹತ್ತಾರು ಮನೆಯವರು ಕೂಡಿ ಪಾತ್ರೆ ಕೊಟ್ಟರೆ ಎಲ್ಲರ ಹೆಸರು ಹಿಡಿಸುವುದಿಲ್ಲ. ಅದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಷಡಕ್ಷರಪ್ಪ ಅದನ್ನೇ ಹಿಡಿದರು. ತಟ್ಟೆಯ ಮುಂದೆ ಸರ್ಕಾರದ ಮುದ್ರೆ ಇದ್ದುದರಿಂದ ಹಿಂದುಗಡೆ, ಮುತ್ತಿನಂಥ ಅಕ್ಷರದಲ್ಲಿ, ಇಪ್ಪತ್ನಾಲ್ಕಕ್ಕೂ ‘ಶ್ರೀಮತಿ ಹೇಮಾಶ್ರೀ ಅವರಿಗೆ ಊರಿನವರಿಂದ’ ಎಂದು ಹಾಕಿದರು. ಡ್ರೈವರು ಬಂದು ಬಟ್ಟೆ ಸುತ್ತಿ ತುಂಬಿಕೊಂಡು ಹೋದ. ಜಿನದತ್ತನವರು ಒಂದನ್ನೂ ತಿರುಗಿಸಿ ನೋಡಲಿಲ್ಲ, ಅವರ ಲಾರಿ ಇನ್ನೂ ತುಂಬುತ್ತಿತ್ತು.

ಬಂಗಲೆಯಲ್ಲಿ ದೊಡ್ಡ ದೊಡ್ಡವರೆಲ್ಲ ಆ ತಟ್ಟೆಯಲ್ಲಿ ಉಂಡರು. ಯಾರಿಗೂ ಏನೂ ತಿಳಿಯಲಿಲ್ಲ, ಉಂಡ ತಟ್ಟೆ ಬಿಟ್ಟು ಏಳುವವರಿಗೆ ಅದರ ಬೆನ್ನು ಹೇಗೆ ಕಾಣಬೇಕು? ಕೊನೆಗೆ ಹಗರೆಯಿಂದ ಏಳು ಜನ ನೀರಿನ ಅರ್ಜಿ ಹಿಡಿದು ಬಂದರು. ಅವರಲ್ಲಿ ಹೇಮಾಶ್ರೀಯ ಚಿಕ್ಕಪ್ಪನೂ ಇದ್ದರು. ತವರಿನವರಿಗೆ ವೈಭವ ತೋರಿಸದಿದ್ದರೆ ಅದು ವೈಭವವೇ? ಬೆಳ್ಳಿ ತಟ್ಟೆಯಲ್ಲೇ ಮುದ್ದೆ, ಸಾರು ಬಡಿಸಿದರು. ಉಂಡ ಚಿಕ್ಕಪ್ಪ ಮನೆಯ ಅಭ್ಯಾಸದಂತೆ ತಟ್ಟೆಯನ್ನು ತಾವೇ ತೊಳೆದು ಕವುಚಿ ಇಟ್ಟರು. ಆಮೇಲೆ ಕನ್ನಡಕ ಹಾಕಿಕೊಂಡು ಓದಿದರು. ಉಳಿದ ಆರು ಜನರೂ ತಮ್ಮ ತಮ್ಮ ತಟ್ಟೆ ತೊಳೆದು ತಿರುಗಿಸಿದರು.

ಚಿಕ್ಕಪ್ಪ ಮಂತ್ರಿಗಳ ಮುಖವನ್ನೇ ನೋಡಿ, “ಇದು ನಾವು ಕೊಟ್ಟಿದ್ದು ಅಂತ ಐತೆ. ಇಷ್ಟು ಕೊಡೋರು ನಾವಾಗಿದ್ರೆ, ಒಂದು ಬಿಂದಿಗೆ ನೀರಿಗೆ ನಿಮ್ಮ ಬಾಗ್ಲಿಗ್ಯಾಕೆ ಬತ್ತಿದ್ವಿ?” ಎಂದು ಕೇಳಿದರಂತೆ.

ಆ ವಾರವೇ ಹಗರೆಗೆ ದಿನಕ್ಕೆರಡು ಟ್ಯಾಂಕರ್ ನೀರು ಬರತೊಡಗಿತು. ನಮ್ಮ ಬೀದಿಗೆ ಬರಲಿಲ್ಲ, ನಮ್ಮವರು ಯಾರೂ ಆ ತಟ್ಟೆ ತೊಳೆದಿರಲಿಲ್ಲವಲ್ಲ.

ಜಿನದತ್ತನವರಿಗೆ ಬಂಗಲೆಯಿಂದ ಫೋನು ಬಂತು, ಸೋಮವಾರ ಅಮ್ಮಾವ್ರು ತಾವೇ ಬರುತ್ತಾರೆಂದು. ಅಂದು ಅವರು ಊಟ ಬಿಟ್ಟರು. ಅಮ್ಮಾವ್ರು ಹೇಳಿದರೆ ನೀವು ಜಗಲಿ ಬಿಡಬೇಕಾಗುತ್ತದೆ, ನನ್ನ ಕೈಲಿ ಏನೂ ಇಲ್ಲ ಎಂದು ಷಡಕ್ಷರಪ್ಪನವರಿಗೆ ನೆಲ ನೋಡುತ್ತಾ ಹೇಳಿದರು. ಇವರು ಆಗಲಿ ಎಂದರು. ಅರವತ್ತೆರಡು ವರ್ಷದ ಮನುಷ್ಯ, ಬೇರೆ ಯಾವ ಜಗಲಿ ಹುಡುಕಿಕೊಂಡು ಹೋಗಬೇಕು? ಆ ಸಿಟ್ಟಿಗೆ ನಾನು ಜಿನದತ್ತನವರ ಹೆಂಡತಿಯ ರವಿಕೆಯನ್ನು ಒಂದು ವಾರ ಬೇಕೆಂದೇ ತಡಮಾಡಿದೆ.

ಸೋಮವಾರ ಟ್ರಂಕಿನ ಸಮೇತ ಹೇಮಾಶ್ರೀ ಬಂದರು. ಬಟ್ಟೆ ಅಳತೆ ನೆಪದಲ್ಲಿ ನಾನೂ ಟೇಪು ಹಿಡಿದು ಜಗಲಿಯ ಹತ್ತಿರವೇ ನಿಂತೆ. ಮೊದಲು ಬೆಂಗಳೂರಿನ ಕನ್ನಡದಲ್ಲಿ ಶುರುಮಾಡಿದರು. ಸಿಟ್ಟು ಏರಿದ ಮೇಲೆ ಎಲ್ಲ ಹಗರೆಯ ಕನ್ನಡವೇ ಆಯಿತು. ಈಗಲೇ ಅಳಿಸಿ ಎಂದರು. ಷಡಕ್ಷರಪ್ಪ ನಿಧಾನವಾಗಿ ಹೇಳಿದರು: ಅಳಿಸಬಹುದು, ಉಜ್ಜಿದರೆ ಬೆಳ್ಳಿ ಸವೆಯುತ್ತದೆ, ಬಂಗಲೆ ಬಿಡುವ ದಿನ ಯಾರಾದರೂ ತೂಗಿ ನೋಡಿದರೆ ಕಷ್ಟ. ಮತ್ತೆ ಆ ಕೆಲಸ ತಮ್ಮ ಕೈಯಿಂದ ಆಗುವುದಿಲ್ಲ, ಒಂದು ಸಲ ತಪ್ಪು ಹೆಸರು ಹಾಕಿ ಒಬ್ಬ ಹೆಣ್ಣುಮಗಳ ಮನೆ ಹಾಳು ಮಾಡಿದ್ದು ಸಾಕು ಎಂದರು.

ಹೇಮಾಶ್ರೀ ಅಂಗಡಿಯ ಒಳಗೆ ತಿರುಗಿದರು. ಜಿನದತ್ತನವರೇ, ಇವರಿಂದಾಗದಿದ್ದರೆ ಬೇರೆಯವರನ್ನು ಕೂರಿಸಿ ಅಳಿಸಿಕೊಡಿ, ಬಂಗಲೆಯ ಆರ್ಡರು ನಿಮಗೇ ಎಂದರು. ‘ನೋಡೋಣ’ ಬರುತ್ತದೆ ಎಂದು ನಾನು ಕಾದೆ. ಜಿನದತ್ತನವರು ಗಲ್ಲಾ ಬಿಟ್ಟು ಎದ್ದು ಹೊಸ್ತಿಲಿಗೆ ಬಂದರು. ಒಂದು ತಟ್ಟೆ ಎತ್ತಿ, ತಿರುಗಿಸಿ, ಮೊದಲ ಸಲ ಓದಿದರು.

“ಇದ್ರಲ್ಲಿ ಬರ್ದಿರೋದು ಸುಳ್ಳು ಅಂತ ನೀವೊಂದು ಮಾತು ಹೇಳಿ ಅಮ್ಮಾವ್ರೇ, ನಾನೇ ಕೂತು ಉಜ್ಜಿಕೊಡ್ತೀನಿ” ಎಂದರು.

ಹೇಮಾಶ್ರೀ ಬಾಯಿ ತೆರೆದರು. ಎದುರಿಗೆ ನಲ್ಲಿಯ ಹತ್ತಿರ ಕೊಡದ ಸಾಲಿನಲ್ಲಿ ನಿಂತ ಹೆಂಗಸರೆಲ್ಲ ಇತ್ತಲೇ ನೋಡುತ್ತಿದ್ದರು. ಹೇಮಾಶ್ರೀ ತಟ್ಟೆಯನ್ನು ಜಿನದತ್ತನವರ ಕೈಯಿಂದ ತೆಗೆದುಕೊಂಡು, ಸೆರಗಿನಿಂದ ಒಮ್ಮೆ ಒರೆಸಿ, ಟ್ರಂಕಿಗೆ ಇಟ್ಟು ಕಾರು ಹತ್ತಿದರು.

ಲಾರಿಗಟ್ಟಲೆ ಆರ್ಡರು ಆ ಕಾರಿನ ಹಿಂದೆಯೇ ಹೋಯಿತು. ಷಡಕ್ಷರಪ್ಪ ಮಷೀನಿನ ವೈರು ಸುತ್ತಿ, ತಮ್ಮ ಗೋಣಿತಾಟು ಮಡಚಿ, ಮನೆಗೆ ಹೊರಡಲು ಎದ್ದರು.

“ಎಲ್ಲಿಗೆ ಹೊರಟ್ರಿ? ನಾಳಿದ್ದು ಮಾಲೇಕಲ್ಲಲ್ಲಿ ಮದುವೆ, ನಲವತ್ತು ಚೊಂಬು ಹಾಗೇ ಬಿದ್ದವೆ. ಕೂತ್ಕೊಳ್ಳಿ” ಎಂದು ಜಿನದತ್ತನವರು ಗದರಿದರು.

ಷಡಕ್ಷರಪ್ಪ ತಿರುಗಿ ನಿಂತು ಟವೆಲಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಗೋಣಿತಾಟು ಹಾಸಿ ಕೂತರು.